ಎಡಗೈ ಬೆನ್ನ ಹಿಂದೆ

ಮೂವತ್ತೆಂಟು ಕಿಲೋ. ಗುಜರಿಯ ಇನಾಯತ್
ತೂಕದ ಲೆಕ್ಕದಲ್ಲೇ ಕೊಟ್ಟ: ತಗಡಿಗೊಂದು ದರ,
ತಾಮ್ರಕ್ಕೆ ಇನ್ನೊಂದು,
ಗಾಜಿನ ಕೊಳವೆ ಬಿಟ್ಟಿ.
ಆಟೋದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು
ದುರ್ಗಿಗುಡಿಯ ತಿರುವಿನಲ್ಲಿ ಉರುಳದಂತೆ ತಬ್ಬಿ ಹಿಡಿದೆ.
ಹಳೇ ಟೀವಿಯಾ ಸಾರ್?
ಹೂಂ ಅಂದೆ. ಹೇಗೆ ಹೇಳಲಿ,
ಯಾರ ಮುಖವೂ ಬಾರದ ಟೀವಿ,
ಕರೆಂಟಿಗೆ ಹಿಡಿಯುವ ಕನ್ನಡಿ ಎಂದು.

ಆಸಿಲೋಸ್ಕೋಪು ಎಂದರೆ
ಪದ್ಮಾವತಿಗೆ ಅದೊಂದು ಕಾಯಿಲೆಯ ಹೆಸರು.
ತಪ್ಪೇನಿಲ್ಲ. ಇದು ಐದನೆಯದು.

ಅಂಗಡಿ ನಡೆಯುವುದು ಮಿಕ್ಸಿಗಳಿಂದ,
ಚಟ್ನಿ ಒಣಗಿದ ಜಾರು, ಸವೆದ ಬ್ರಷ್ಷು, ಸುಟ್ಟ ಕಾಯಿಲ್ಲು.
ಶಟರು ಅರ್ಧ ಎಳೆದ ಮೇಲೆ ಇದರ ಸರದಿ.

ಎಂಟು ಸ್ಕ್ರೂ. ತಗಡು ಕಳಚಿದರೆ
ಟ್ರಾನ್ಸ್‌ಫಾರ್ಮರಿನ ನೆತ್ತಿಯ ಮೇಲೆ ಕಡಜದ ಮಣ್ಣುಗೂಡು,
ಮೂರು ಕೋಣೆ, ಮೂರೂ ಖಾಲಿ.
ತಂತಿಗಳ ತುಂಬ ಬೂಷ್ಟು,
ಉಪ್ಪಿನಕಾಯಿ ಜಾಡಿಯ ಬಾಯಿಗೆ ಹಿಡಿಯುತ್ತದಲ್ಲ, ಅಂಥದ್ದು.
ಸೋಪಿನ ನೀರಲ್ಲಿ ಉಜ್ಜಿ ತೊಳೆದೆ
(ಹೌದು, ತೊಳೆಯಬಹುದು, ಮಾಡಿದವರೇ ಬರೆದಿದ್ದಾರೆ)
ಆಮೇಲೆ ಪಕ್ಕದಲ್ಲೊಂದು ಬಲ್ಬು ಉರಿಸಿ
ಬಾಣಂತಿಯನ್ನು ಇಟ್ಟಂತೆ ಬೆಚ್ಚಗಿಟ್ಟೆ ನಾಲ್ಕು ದಿನ.

ಕಲಿಸಿದ್ದು ಪಾಲಿಟೆಕ್ನಿಕ್ಕಿನ ಫ್ಲೋರಿನ್ ಮೇಡಂ.
ಎಡಗೈ ಬೆನ್ನ ಹಿಂದಿರಲಿ, ಕತ್ತೆ,
ಎರಡೂ ಕೈ ಕೊಟ್ಟರೆ ಎದೆ ಹಾದು ಹೋಗುತ್ತೆ!
ಬಾಯಿಗೆ ಬಂದಂತೆ ಬೈದರು, ಒಬ್ಬ ಹುಡುಗನೂ ಸಾಯಲಿಲ್ಲ.
ನನಗೀಗ ಐವತ್ತಾರು.
ಮದುವೆಮನೆಯಲ್ಲಿ ಅಕ್ಷತೆ ಹಾಕುವಾಗಲೂ
ಎಡಗೈ ತಾನಾಗಿ ಹಿಂದೆ ಹೋಗುತ್ತದೆ.

ಒಳಗೋಡೆಗೆ ಸಿಕ್ಕಿಸಿದ ಪುಟ್ಟ ರಾಟೆಯಲ್ಲಿ
ಬೆಳ್ಳಿ ಬೆರೆಸಿದ ಬೆಸುಗೆಯ ತಂತಿ.
ಮಾಮೂಲು ಸೀಸ ತಾಗಿದರೆ
ಪಿಂಗಾಣಿಯ ಹಲ್ಲುಗಳಿಂದ ಬೆಳ್ಳಿಯ ಲೇಪ ಏಳುತ್ತದಂತೆ.
ಅದಕ್ಕೇ, ಸಮುದ್ರದಾಚೆ ಕೂತು ಮಾಡಿದವರು
ಮುಂದೆಂದೋ ಬಿಚ್ಚುವ ಯಾರೋ ಒಬ್ಬನಿಗೆ
ಬುತ್ತಿ ಕಟ್ಟಿ ಕಳಿಸಿದ್ದಾರೆ.
ಅರ್ಧ ಸವೆದಿತ್ತು.
ತಗಡಿನ ಒಳಮೈಗೆ ಪೆನ್ಸಿಲ್ಲಿನ ಅಕ್ಷರ:
೯-೧೧-೭೪. ಕೆಪಾಸಿಟರ್ ಎರಡು ಬದಲಿಸಿದೆ.
ತಂತಿ ಎರಡು ಗೇಣು ತೆಗೆದಿದ್ದೇನೆ. ಹಾ.ರು.
ಹಾಲಪ್ಪನೋ ಹಾಲೇಶನೋ,
ಊರು ಯಾವುದೋ, ಇದ್ದಾನೋ ಇಲ್ಲವೋ.
ಕೇಳುವವರಿಲ್ಲದ ಸಾಲವನ್ನು
ಎಷ್ಟು ದುಂಡಗೆ ಬರೆದಿಟ್ಟಿದ್ದಾನೆ.

ನಾನು ತೆಗೆದದ್ದು ಒಂದು ಗೇಣು. ಕೆಳಗೆ ಬರೆದೆ.
ಹೆಸರು ಹಾಕಲು ನಾಚಿಕೆಯಾಗಿ ತಾರೀಖಷ್ಟೇ ಹಾಕಿದೆ.
ಆ ರಾತ್ರಿ ಏನೂ ಬರಲಿಲ್ಲ. ಮರುದಿನವೂ.
ಮೂರನೆಯ ರಾತ್ರಿ ಫ್ಯಾನು ಗೊರಗುಟ್ಟಿ,
ಕೊಳವೆಗಳು ಒಂದೊಂದೇ ಕೆಂಡ ಕಟ್ಟಿ,
ರಿಲೇ ಕಟಕ್ ಎಂದು
ಹಸಿರು ಗೆರೆಯೊಂದು
ಪರದೆಯ ಕೆಳಗಿಂದ ಮೆಲ್ಲಗೆ ಏರಿ ನಡುವೆ ನಿಂತಿತು.

ಪ್ರೋಬಿನ ತುದಿಗೆ ಬೆರಳಿಟ್ಟೆ. ಗೆರೆ ಅಲೆಯಾಯಿತು.
ಯಾವ ತಂತಿಯನ್ನೂ ಮುಟ್ಟಿಲ್ಲ, ಸುಮ್ಮನೆ ನಿಂತಿದ್ದೇನೆ,
ಲಿಂಗನಮಕ್ಕಿಯ ನೀರು ಗುಡ್ಡ ಇಳಿದು
ಚಕ್ರ ತಿರುಗಿಸಿದ್ದು
ಗೋಡೆಯಿಂದ ಸೋರಿ ನನ್ನ ಮೈಗೆ ಹತ್ತಿ
ಸೆಕೆಂಡಿಗೆ ಐವತ್ತು ಸಲ ಏಳುತ್ತಿದೆ, ಬೀಳುತ್ತಿದೆ.
ಶುದ್ಧ ಅಲೆಯಲ್ಲ. ಮೇಲೆಲ್ಲ ಮುಳ್ಳು,
ಪಕ್ಕದ ಬೇಕರಿಯ ಟ್ಯೂಬ್‌ಲೈಟಿನದು.

ಊಟಕ್ಕೆ ಕರೆಯಲು ಬಂದ ಪದ್ಮಾವತಿ
ಇದರಲ್ಲಿ ಸೀರಿಯಲ್ ಬರಲ್ವಾ ಎಂದು ನಗುತ್ತ
ತಾನೂ ಬೆರಳಿಟ್ಟಳು.
ಅವಳ ಅಲೆ ತೀರ ಸಣ್ಣದು, ಇದ್ದೂ ಇಲ್ಲದಂತೆ.
ನಂದು ಇಷ್ಟೇನಾ, ಎಂದಳು.
ನೋಡಿದರೆ ಎಡಗೈ ಪೆಟ್ಟಿಗೆಯ ಅಂಚಿನ ಮೇಲಿದೆ,
ಇದ್ದದ್ದೆಲ್ಲ ಅಲ್ಲಿಂದ ನೆಲಕ್ಕೆ ಇಳಿಯುತ್ತಿದೆ.
ಮಾತಾಡದೆ ಆ ಕೈ ಹಿಡಿದು
ಮೆಲ್ಲಗೆ ಎತ್ತಿ
ಅವಳ ಬೆನ್ನ ಹಿಂದಿಟ್ಟೆ.

ಪರದೆ ಸಾಲಲಿಲ್ಲ.