ಕಚ್ಚು

ದಸ್ತಗಿರಿ ಮೇಸ್ತ್ರಿಯ ಹಲ್ಲು ಹುಳ ತಿಂದದ್ದಲ್ಲ,
ಇಟ್ಟಿಗೆ ಪುಡಿ ತಿಂದದ್ದು.
ನಲವತ್ತು ವರ್ಷ, ಕೆಲಸದ ಜಾಗದಲ್ಲೇ,
ಒಡೆದ ಇಟ್ಟಿಗೆಯನ್ನು ಇನ್ನೊಂದಕ್ಕೆ ತಿಕ್ಕಿ
ಉದುರಿದ ಕೆಂಪನ್ನು ತೋರುಬೆರಳಿಗೆ ಹಚ್ಚಿ
ಉಜ್ಜಿದ್ದೇ ಉಜ್ಜಿದ್ದು.
ಈಗ ಒಸಡಿನ ಅಂಚಿಗೆ, ಕೋರೆಹಲ್ಲಿನ ಬುಡಕ್ಕೆ,
ಮರ ಕಡಿಯಲು ಹೊರಟವನು ಮನಸ್ಸು ಬದಲಿಸಿ
ಬಿಟ್ಟುಹೋದಂಥ ಒಂದು ಕಚ್ಚು.

"ಚಾ ಆರಿಸಿ ಕುಡೀತೀನಿ, ನೀರು ಕಾಯಿಸಿ ಕುಡೀತೀನಿ.
ಗಾಳಿಗೇನು ಮಾಡಲಮ್ಮ?"

ಚಿಂತಾಮಣಿಯಲ್ಲಿ ನಮ್ಮ ಕ್ಲಿನಿಕ್ಕು
ಬಿತ್ತನೆ ಬೀಜದ ಅಂಗಡಿಯ ಮೇಲೆ.
ಮೆಟ್ಟಿಲ ತುಂಬ ಔಷಧಿ ವಾಸನೆ,
ಅರ್ಧ ಬೆಳೆಗೆ, ಅರ್ಧ ಬಾಯಿಗೆ.
ಡಾಕ್ಟರು ಸುಭಾಷಿಣಿ. ನಾನು ಕಲಸುವವಳು.
ಹನ್ನೊಂದು ವರ್ಷದಿಂದ ಕಲಸುತ್ತಿದ್ದೇನೆ,
ಬೋರ್ಡಿನಲ್ಲಿ ಹೆಸರಿಲ್ಲ.
ನಾಗವೇಣಿ ಅಂತ. ಇಲ್ಲಾದರೂ ಇರಲಿ.

ಹಲ್ಲಿನ ಮೇಲಿನ ಬಿಳಿ, ಎನಾಮಲ್ಲು, ಸುಲಭ.
ಒಳಗಿನ ಹಳದಿ ಡೆಂಟಿನ್ ಹಾಗಲ್ಲ,
ಅದಕ್ಕೆ ಜೀವ ಇದೆ.
ಸಾಸಿವೆಯಷ್ಟು ಜಾಗದಲ್ಲಿ ಸಾವಿರಾರು ಕೊಳವೆ,
ಕೊಳವೆ ಕೊಳವೆಯಲ್ಲೂ ನೀರು,
ನೀರಿನಾಚೆ ನರ.
ಅದಕ್ಕೇ ಗಾಳಿ ಸೋಕಿದರೆ
ಮೇಸ್ತ್ರಿ ಕುರ್ಚಿಯ ಕೈ ಹಿಡಿಯುವುದು.

ಡಾಕ್ಟರು ಹುಳಿನೀರು ಹಚ್ಚಿ ಹತ್ತು ಎಣಿಸಿದರು.
ಮೇಲೆ ಕೂತ ಜಿಡ್ಡು, ಧೂಳು ತೊಳೆದುಹೋಯಿತು.
ಹತ್ತಿ ಒತ್ತಿದರು. ಆಮೇಲೆ
ಗಾಳಿ ಊದುವ ಕೊಳವೆ ಎತ್ತಿಕೊಂಡರು.
ಆಗಲೇ ಮೇಸ್ತ್ರಿಯ ಬಲಗೈ ಮೇಲೆದ್ದದ್ದು.

ಬಾಯಿ ತುಂಬ ಹತ್ತಿ, ಮಾತಿಲ್ಲ.
ಐದೂ ಬೆರಳು ಕೂಡಿಸಿ, ಬಿಡಿಸಿ,
ಮತ್ತೆ ಕೂಡಿಸಿ, ಬಿಡಿಸಿ,
ಇಲ್ಲದ ಬಕೆಟ್ಟಿನಿಂದ ಇಲ್ಲದ ಗೋಡೆಗೆ
ನೀರು ಎರಚಿದರು.

ನೋವಾ? ಅಂದರು ಡಾಕ್ಟರು.
ನನಗೆ ತಿಳಿಯಿತು.
"ಒಣಗೋಡೆಗೆ ಗಾರೆ ಕಚ್ಚಲ್ಲ ಅಂತಿದಾರೆ, ಮೇಡಂ."

ಮೇಡಂ ನಗುವುದು ಅಪರೂಪ. ನಕ್ಕರು.
"ಪೂರ್ತಿ ಒಣಗಿಸಲ್ಲ ಸಾಬ್ರೇ.
ನೀರು ನಿಲ್ಲಬಾರದು, ಮಿಂಚು ಹೋಗಬಾರದು. ಅಷ್ಟೇ."
ಮೇಸ್ತ್ರಿ ಕೈ ಇಳಿಸಿದರು,
ಹೊಸ ಹುಡುಗನ ಕೆಲಸ ಒಪ್ಪಿಕೊಂಡ ಹಾಗೆ.

ಈಗ ನನ್ನ ಸರದಿ.
ಕಾಗದದ ಮೇಲೆ ಒಂದು ಚಮಚ ಗಾಜಿನ ಪುಡಿ,
(ಗಾಜು ಅಂದರೆ ಗಾಜೇ, ಅರೆದು ಹಿಟ್ಟು ಮಾಡಿದ್ದು)
ಒಂದು ಹನಿ ಹುಳಿ.
ಪ್ಲಾಸ್ಟಿಕ್ಕಿನ ಪುಟ್ಟ ಕರಣೆಯಲ್ಲಿ ಮಡಿಸಿ ಮಡಿಸಿ ಕಲಸಬೇಕು,
ತಿರುವಬಾರದು.
ಅರ್ಧ ನಿಮಿಷಕ್ಕೆ ಹೊಳೆಯುತ್ತದೆ,
ಆಗಷ್ಟೇ ಸಾರಿಸಿದ ನೆಲದಂತೆ.
ಹೊಳೆಯುವಾಗಲೇ ಹಚ್ಚಬೇಕು.
ಹೊಳಪೆಂದರೆ ಇನ್ನೂ ಯಾರನ್ನೂ ಹಿಡಿಯದ
ಹುಳಿಯ ಕೈಗಳು.
ಮಂಕಾಯಿತೋ, ಅವು ತಮ್ಮತಮ್ಮಲ್ಲೇ ಹಿಡಿದುಕೊಂಡವು,
ಹಲ್ಲಿಗೆ ಚಾಚಲು ಒಂದೂ ಉಳಿಯಲಿಲ್ಲ.

ಹಲ್ಲಿನಲ್ಲಿರುವುದು ಸುಣ್ಣ.
ಹಲ್ಲು ತನ್ನ ಸುಣ್ಣ ಸ್ವಲ್ಪ ಬಿಟ್ಟುಕೊಡುತ್ತದೆ,
ಸಿಮೆಂಟು ತನ್ನ ಹುಳಿ ಸ್ವಲ್ಪ,
ನಡುವೆ ಹುಟ್ಟುವ ಪದರ
ಹಲ್ಲೂ ಅಲ್ಲ, ಸಿಮೆಂಟೂ ಅಲ್ಲ.
ಇಷ್ಟು ವರ್ಷ ಕಬ್ಬು, ಚಕ್ಕುಲಿ, ಮಾತು,
ಎಲ್ಲವನ್ನೂ ಕಚ್ಚಿದ ಹಲ್ಲನ್ನು
ಈಗ ಒಂದು ಹನಿ ಕಚ್ಚಿ ಕೂತಿದೆ.

ಆ ಪುಡಿಯಲ್ಲಿ ಫ್ಲೋರೈಡೂ ಇದೆ.
ಮೇಸ್ತ್ರಿ ಹುಡುಗನಾಗಿದ್ದಾಗ ಊರಿಗೆ ಬೋರ್‌ವೆಲ್ ಬಂತಲ್ಲ,
ಅದರ ನೀರಿನಲ್ಲೂ ಅದೇ,
ಮುಂದಿನ ಹಲ್ಲುಗಳ ಮೇಲೆ ಕಾಫಿಬಣ್ಣದ ಗೀರು ಎಳೆದದ್ದು.
ಅಲ್ಲಿ ಮಿತಿ ಮೀರಿ ಕೆಡಿಸಿದ್ದು
ಇಲ್ಲಿ ಚೂರು ಚೂರೇ ಜಿನುಗಿ ಕಾವಲು ಕೂರುತ್ತದೆ.
ಇದನ್ನು ನಾನು ಹೇಳಲಿಲ್ಲ.
ಬೈಯಬೇಕೆಂದರೆ ಯಾರನ್ನು ಬೈದಾರು?

ಮೇಲೊಂದಿಷ್ಟು ವ್ಯಾಸಲೀನು ಸವರಿ
"ಇವತ್ತು ಆ ಕಡೆ ಅಗಿಯಬೇಡಿ" ಅಂದೆ.
"ಒಂದೇ ದಿನಾನಾ? ನಾವು ಏಳು ದಿನ ನೀರು ಹಾಕ್ತೀವಿ."
ನಾಲಿಗೆಯಿಂದ ಒಳಗೊಳಗೇ ಮಟ್ಟ ನೋಡಿಕೊಂಡರು.
ಎದ್ದರು. ಬಾಗಿಲ ಪಕ್ಕದ ಗೋಡೆಗೆ
ಬೆರಳಗೆಣ್ಣು ಮಡಿಸಿ ಬಡಿದರು, ಎರಡು ಸಲ.
"ಇದು ಕಚ್ಚಿಲ್ಲ. ಯಾರು ಮಾಡಿದ್ದು?"

ಡಾಕ್ಟರು ರಸೀದಿ ಬರೆಯುತ್ತಿದ್ದರು.
ಅವರು ಇಳಿದುಹೋದ ಮೇಲೆ
ನಾನೂ ಹೋಗಿ ಬಡಿದೆ.
ಡಬ ಡಬ.