ಎರಡನೆಯದು

ಮೂರೂ ಹತ್ತಕ್ಕೆ ಒಂದು ಬಂತು. ಅತ್ತಿತು.
ಒರೆಸಿ, ಬಳ್ಳಿ ಕತ್ತರಿಸಿ, ಅಂಗಾಲಿನ ಮೇಲೆ
ನೀಲಿ ಶಾಯಿಯಲ್ಲಿ ಒಂದು ಎಂದು ಬರೆದೆ.
ವರಾಂಡದಲ್ಲಿ ಅಜ್ಜಿ ನಾಲಿಗೆ ಹೊರಳಿಸಿ
ಉಲುಲು ಎಂದು ಊರಿಗೇ ಸಾರಿದಳು.
ತಡಿಯಮ್ಮ, ಅಂದೆ ಕಿಟಕಿಯಿಂದ,
ಅದಕ್ಕಿನ್ನೂ ಹೊತ್ತಿದೆ.

ಝೊಂಬಾ ಬೆಟ್ಟದಿಂದ ಇಳಿದ ಜುಲೈ ಮಂಜು
ವಾರ್ಡಿನ ಒಡೆದ ಗಾಜಿನಲ್ಲಿ ತಲೆ ತೂರಿಸಿತ್ತು.
ಎನೆಲೆಸಿಯ ಹೊಟ್ಟೆ
ಅರ್ಧ ಸುರಿದ ಜೋಳದ ಚೀಲದ ಹಾಗೆ
ಒಂದು ಕಡೆಗೆ ಜಗ್ಗಿತ್ತು.
ಮರದ ಕಹಳೆಯ ಬಾಯಿ ಅಲ್ಲಿಟ್ಟು ಕಿವಿಗೊಟ್ಟೆ:
ನೂರಾ ನಲವತ್ತು. ನೂರಾ ಇಪ್ಪತ್ತು. ನೂರಾ ಹತ್ತು.
ಮುಳ್ಳು ನೋಡುತ್ತಲೇ ಎಣಿಸುವುದು,
ಎಣಿಸುತ್ತಲೇ ಅಂಗೈಯಲ್ಲಿ ಹುಡುಕುವುದು:
ತಲೆ ಎಲ್ಲಿ, ಬೆನ್ನೆಲ್ಲಿ,
ಇದು ಮೊಣಕೈಯೋ ಹಿಮ್ಮಡಿಯೋ.

ಮೊದಲನೆಯದಕ್ಕೆ ದಾರಿ ಇರುತ್ತದೆ.
ಎರಡನೆಯದಕ್ಕೆ ಇದ್ದಕ್ಕಿದ್ದಂತೆ ಜಾಗ.
ಎಂಟು ತಿಂಗಳು ಒತ್ತಿಕೊಂಡಿದ್ದ ಬೆನ್ನು ಸರಿದುಹೋಗಿ
ಅಷ್ಟೊಂದು ಜಾಗ,
ಏನು ಮಾಡಬೇಕೆಂದು ತೋಚದೆ
ಅಡ್ಡ ಮಲಗಿಬಿಡುತ್ತದೆ.

ಚಿಲ್ವಾ ಸರೋವರದ ನಡುಗಡ್ಡೆಯವಳು ಇವಳು.
ತಪಾಸಣೆಗೆಂದು ದೋಣಿ ಹತ್ತಿದ್ದು ಎರಡೇ ಸಲ.
ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ
ತೊಳೆದಿಟ್ಟ ಅಕ್ಕಿಯ ಬಿಳುಪು.
ಕಬ್ಬಿಣದ ಮಾತ್ರೆ ನುಂಗಿದೆಯಾ ಅಂದರೆ
ನುಂಗಿದೆ ಅಂದಳು,
ಮುಗಿಯುವ ತನಕ.
ಎರಡು ಜೀವಕ್ಕೆ ಹಂಚಿಕೊಟ್ಟವಳನ್ನು
ನಿನಗೆಂದು ಎಷ್ಟು ಉಳಿಸಿಕೊಂಡೆ
ಎಂದು ಕೇಳುವುದು ಹೇಗೆ?

ಮೂರೂ ಮೂವತ್ತಾರಕ್ಕೆ, ಪಾದ ಮುಂದಾಗಿ,
ಎರಡನೆಯದು.
ಅಳಲಿಲ್ಲ.
ಫಾಲೆಸಿ ಅದರ ಪುಟ್ಟ ಮುಖಕ್ಕೆ ಮುಖವಾಡ ಇಟ್ಟು
ಗಾಳಿ ಒತ್ತತೊಡಗಿದಳು.
ಇತ್ತ, ಮಾಸು ಬಿದ್ದ ಮೇಲೆ, ರಕ್ತ.
ಇಬ್ಬರಿಗಾಗಿ ಹಿಗ್ಗಿದ ಬಸಿರಿಗೆ
ಕುಗ್ಗುವುದು ಮರೆತುಹೋಗಿತ್ತು.
ಸೂಜಿ ಚುಚ್ಚಿ, ಹೊಟ್ಟೆ ಹಿಸುಕುತ್ತ ನಿಂತೆ.
ಮೂರು ಜೀವ, ನಾಲ್ಕು ಕೈ.
ಅಜ್ಜಿಗೆ ಏನೋ ಗೊತ್ತಾಗಿ
ವರಾಂಡ ಸುಮ್ಮನಾಯಿತು.

ಆ ಸುಮ್ಮನೆಯೊಳಗೆ ಬೆಕ್ಕಿನ ಮರಿಯಂಥ ಒಂದು ಸೀನು.
ಫಾಲೆಸಿ ನಕ್ಕಳೋ ಅತ್ತಳೋ, ನಾನು ತಿರುಗಿ ನೋಡಲಿಲ್ಲ.
ನನ್ನ ಅಂಗೈ ಕೆಳಗೆ ಆಗಷ್ಟೇ
ಬಸಿರು ಗಟ್ಟಿಯಾಗತೊಡಗಿತ್ತು.

ಬೆಳಗಿಗೆ ಲಫುಕೆನಿ ಬಂದ, ಬಲೆ ಬಿಟ್ಟು.
ಒಂದು ಚೀಲ ರಕ್ತ ಕೊಟ್ಟು, ಸಿಹಿ ಚಹಾ ಕುಡಿದು,
ಹೆಂಡತಿಯ ಪಾದ ಮುಟ್ಟಿ ನೋಡಿದ, ಬೆಚ್ಚಗಿದೆಯೇ ಎಂದು.
ಮೊದಲನೆಯದು ಅವಳ ಎದೆಯ ಮೇಲಿತ್ತು.
ಎರಡಕ್ಕೆ ಅವಳಲ್ಲಿ ಇನ್ನೂ ತ್ರಾಣವಿಲ್ಲ,
ನೀನು ಅಂಗಿ ಬಿಚ್ಚು, ಅಂದೆ.
ತಬ್ಬಿಬ್ಬಾದ. ಎದೆ ತೊಳೆದು ಬಂದ. ಮತ್ತೆ ತೊಳೆದ.
ಮೀನಿನ ವಾಸನೆ ಹೋಗಲಿಲ್ಲ.
ಎರಡನೆಯದನ್ನು ಕಪ್ಪೆಯ ಹಾಗೆ ಅವನೆದೆಗೆ ಒರಗಿಸಿ
ಚಿತೆಂಜೆ ಬಟ್ಟೆ ಬಿಗಿದು ಕಟ್ಟಿದೆ.

ಸಾವಿರದ ಮುನ್ನೂರ ನಲವತ್ತು ಗ್ರಾಂ.
‘ನಿಮ್ಮ ತಕ್ಕಡಿ ಸರಿಯಿದೆಯೇ?’
ಅವನಾಡಿದ ಮೊದಲ ಮಾತು.
ದಂಡೆಯ ವ್ಯಾಪಾರಿಗಳ ತಕ್ಕಡಿ
ಹುಟ್ಟಿದಾಗಿನಿಂದ ಅವನ ಮೀನು ಕದ್ದಿದೆ.
ಮೂರನೆಯ ದಿನ ಎಪ್ಪತ್ತು ಗ್ರಾಂ ಇಳಿದಾಗ
ಎದ್ದುಹೋಗಿ ಸಂತೆಯಿಂದ
ಒಂದು ಕಿಲೋ ಸಕ್ಕರೆ ತಂದು ಇಟ್ಟು ನೋಡಿದ.
ಸಾವಿರದ ನಾಲ್ಕು.
ನಾಲ್ಕು ಕವರಿನದು, ಎಂದು ಒಪ್ಪಿ
ಸಕ್ಕರೆಯನ್ನು ನಮ್ಮ ಚಹಾಕ್ಕೆ ಬಿಟ್ಟ.

ಕೊಳವೆಯಲ್ಲಿ ಹಾಲು, ಎರಡು ತಾಸಿಗೊಮ್ಮೆ.
ಹಿಂಡಿ ಕೊಡುವವಳು ಆ ಮಂಚದಲ್ಲಿ,
ಬೆಚ್ಚಗಿಡುವವನು ಈ ಮಂಚದಲ್ಲಿ.
ನಡುವೆ ಒಂದು ಸ್ಟೀಲ್ ಲೋಟ ಓಡಾಡುತ್ತಿತ್ತು.
ರಾತ್ರಿ ಅವನು ಕೂತೇ ನಿದ್ರಿಸುತ್ತಿದ್ದ.
ಒಮ್ಮೊಮ್ಮೆ ಉಸಿರು ಮರೆಯುತ್ತಿತ್ತು ಮಗು.
ಅವನ ಎದೆ ಏರಿಳಿದದ್ದಕ್ಕೋ ಏನೋ,
ನೆನಪು ಮಾಡಿಕೊಳ್ಳುತ್ತಿತ್ತು.

ಹತ್ತೊಂಬತ್ತನೆಯ ಬೆಳಿಗ್ಗೆ ತೂಕಕ್ಕೆ ಕೈ ಚಾಚಿದೆ.
‘ಇವತ್ತು ಬೇಡ ಸಿಸ್ಟರ್, ಈಗಷ್ಟೇ ಮಲಗಿದೆ.
ನಲವತ್ತು ಕೂಡಿದೆ, ಬರೆದುಕೊಳ್ಳಿ.’
ನಾನು ಬರೆದುಕೊಳ್ಳಲಿಲ್ಲ. ಗಂಟು ಬಿಚ್ಚಿ, ತೂಗಿದೆ.
ಮೂವತ್ತೆಂಟು.
ಉಳಿದೆರಡು ಗ್ರಾಂ ಎಲ್ಲಿ ಎಂಬಂತೆ
ನನ್ನ ಜೇಬಿನ ಕಡೆ ನೋಡಿದ.