ರಾತ್ರಿ ಎಲ್ಲಿದೆ?

"ರಾತ್ರಿ ಮಲಗೋ ಮುಂಚೆ ಹಲ್ಲುಜ್ಜು" ಅಂದೆ.
ತೂಕ್ಕಾ ಕಿಟಕಿಗೆ ಬೆರಳು ತೋರಿದ:
"ರಾತ್ರಿ ಎಲ್ಲಿದೆ, ಅಪ್ಪ?"

ಹನ್ನೊಂದು ಗಂಟೆ. ಇನಾರಿ ಸರೋವರದ ಮೇಲೆ
ಸೂರ್ಯ ಕಾಲು ಚಾಚಿ ಕೂತಿದ್ದ,
ಹೊರಡುವ ಲಕ್ಷಣವೇ ಇಲ್ಲ.
ಏಳು ವರ್ಷದ ವಕೀಲನೆದುರು ನಾನು ಸೋತೆ.

ಶಾಲೆಯಿದ್ದಾಗ ದಿನಕ್ಕೊಂದು ಬೆನ್ನುಮೂಳೆ ಇತ್ತು.
ಜೂನ್ ಬಂದದ್ದೇ ಎಲ್ಲ ಕರಗಿ
ಊಟ ದೋಣಿಯಲ್ಲಿ, ನಿದ್ದೆ ಬಿದ್ದಲ್ಲಿ,
ಹಸಿರು ಬ್ರಷ್ಷು ಲೋಟದಲ್ಲಿ ಒಣಗಿ ಕಡ್ಡಿ.
ಒಮ್ಮೆ ಒದ್ದೆಯಾಗಿತ್ತು, ನಿಜ,
ಬರೀ ಬಕೆಟ್ಟಿಗೆ ಅದ್ದಿದ ಒದ್ದೆ;
ತುಟಿಯಂಚಿನ ಜಾಮಿನ ನೀಲಿ ಹಾಗೇ ಇತ್ತು.

ಗಡಿಯಾರ ಬಿಟ್ಟೆ. ಸೌನಾ ಹಿಡಿದೆ.
ಬೆವರಿಳಿಸಿ, ನೀರಿಗೆ ಹಾರಿ, ಕೆಂಪಗೆ ಮೇಲೆ ಬಂದವರು
ಮೆಟ್ಟಿಲ ಮೇಲೆ ಸಾಲಾಗಿ ಕೂರುವುದು:
ಅವನು, ತಂಗಿ ಹಿಲ್ಲಾ, ನಾನು.
ಮೂರು ಬಾಯಿ ನೊರೆ.
ಬಿದ್ದ ಹಾಲುಹಲ್ಲಿನ ಸಂದಿಗೆ
ಬ್ರಷ್ಷು ಜಾರಿದಾಗಲೆಲ್ಲ ಅವನಿಗೆ ನಗು.
ಎರಡು ನಿಮಿಷವನ್ನು
ಸೊಳ್ಳೆಗಳು ನಮ್ಮ ಬೆನ್ನ ಮೇಲೆ ಎಣಿಸುತ್ತವೆ.

ಶಾಲೆಗೆ ಇನ್ನು ಮೂರೇ ದಿನ.
ಉಜ್ಜಿ ಮಲಗಿದ್ದವನು
ಬರಿಗಾಲಲ್ಲಿ ಬಂದು ನನ್ನ ತೋಳು ಜಗ್ಗಿದ.
ಪೈನ್ ಮರಗಳ ಮೇಲೆ ಒಂದೇ ಒಂದು ನಕ್ಷತ್ರ.
"ಅಪ್ಪಾ, ರಾತ್ರಿ ಬಂದುಬಿಟ್ಟಿದೆ!"
ಅಂದವನ ಕೈಯಲ್ಲಿ
ಮತ್ತೆ ಪೇಸ್ಟು ಹಚ್ಚಿದ ಹಸಿರು ಬ್ರಷ್ಷು.